ಪ್ರಿಂಟ್ ಕೊಟ್ಟದ್ದು ಸರ್ವರ್‌ಗೆ ಹೋಗಲಿ: ಕಪ್ಸ್ ಬ್ಯಾಕೆಂಡ್ ಬರೆಯುವ ಬಗೆ

ಪ್ರಿಂಟ್ ಕೊಟ್ಟ ದಾಖಲೆ ಪ್ರಿಂಟರಿನ ಬದಲು ನಿಮ್ಮ ಸರ್ವರ್‌ಗೆ ಹೋಗಬೇಕೇ? ಲಿನಕ್ಸ್‌ನಲ್ಲಿ ಇದಕ್ಕೆ ಕರ್ನಲ್ ಡ್ರೈವರ್ ಬೇಕಿಲ್ಲ. ಅಲ್ಲಿನ ಮುದ್ರಣ ವ್ಯವಸ್ಥೆ ಕಪ್ಸ್ (CUPS). ದಾಖಲೆಯನ್ನು ಗುರಿಗೆ ತಲುಪಿಸುವ ಪ್ರೋಗ್ರಾಂಗೆ ಅದರಲ್ಲಿ ಬ್ಯಾಕೆಂಡ್ ಎನ್ನುತ್ತಾರೆ. ಕಪ್ಸ್‌ನ ಬ್ಯಾಕೆಂಡ್ ಫೋಲ್ಡರಿನಲ್ಲಿ ಅಂಥ ಒಂದು ಸಣ್ಣ ಪ್ರೋಗ್ರಾಂ ಇಟ್ಟರೆ ಸಾಕು. ಅದರ ಮಾಲೀಕ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿರಲಿ, ಅನುಮತಿ 0755 (ಎಲ್ಲರೂ ಓದಿ ಓಡಿಸಬಹುದು) ಇರಲಿ. ಆಗ ಅದು ಕಡಿಮೆ ಅಧಿಕಾರದ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. 0700 (ಮಾಲೀಕನಿಗೆ ಮಾತ್ರ ಅನುಮತಿ) ಕೊಟ್ಟರೆ ರೂಟ್ ಆಗಿಯೇ ಓಡುತ್ತದೆ, ಅನಿವಾರ್ಯವಲ್ಲದಿದ್ದರೆ ಬೇಡ.

ಯಾವ ಆರ್ಗ್ಯುಮೆಂಟೂ ಇಲ್ಲದೆ ಕರೆದರೆ ಪ್ರೋಗ್ರಾಂ ತನ್ನ ಪರಿಚಯದ ಒಂದು ಸಾಲು ಮುದ್ರಿಸಬೇಕು. ಪ್ರಿಂಟ್ ಬಂದಾಗ ಜಾಬ್ ಸಂಖ್ಯೆ, ಬಳಕೆದಾರ, ಶೀರ್ಷಿಕೆ, ಪ್ರತಿಗಳು, ಆಯ್ಕೆಗಳು ಹೀಗೆ 5 ಆರ್ಗ್ಯುಮೆಂಟ್ ಸಿಗುತ್ತವೆ. ದಾಖಲೆ ಸ್ಟ್ಯಾಂಡರ್ಡ್ ಇನ್‌ಪುಟ್‌ನಲ್ಲಿ ಬರುತ್ತದೆ. 6ನೆಯದಿದ್ದರೆ ಅದು ಫೈಲಿನ ಹೆಸರು. ಎರಡನ್ನೂ ನಿಭಾಯಿಸಿ. ಸರ್ವರ್ ವಿಳಾಸವನ್ನು ಡಿವೈಸ್ ಯುಆರ್‌ಐ (DEVICE_URI) ಎನ್ವಿರಾನ್ಮೆಂಟ್ ವೇರಿಯೆಬಲ್‌ನಿಂದ ಓದಿ, ಎಚ್‌ಟಿಟಿಪಿಎಸ್ ಪೋಸ್ಟ್‌ನಲ್ಲಿ ಕಳಿಸಿ.

ಶೀರ್ಷಿಕೆಯನ್ನು ಮಾತ್ರ ಎಂದೂ ನಂಬಬೇಡಿ. ಅದನ್ನು ಬಳಕೆದಾರರೇ ಬರೆದಿರುತ್ತಾರೆ. ನೇರವಾಗಿ ಶೆಲ್ ಕಮಾಂಡಿಗೆ ಸೇರಿಸಿದರೆ ಯಾರು ಬೇಕಾದರೂ ನಿಮ್ಮ ಯಂತ್ರದಲ್ಲಿ ಕಮಾಂಡ್ ಓಡಿಸಬಹುದು.

ಹೆಚ್ಚಿನವರು ಎಡವುವುದು ಎಕ್ಸಿಟ್ ಕೋಡ್‌ನಲ್ಲಿ, ಅಂದರೆ ಪ್ರೋಗ್ರಾಂ ಮುಗಿಯುವಾಗ ಕೊಡುವ ಸಂಖ್ಯೆಯಲ್ಲಿ. 0 ಎಂದರೆ ಮುಗಿಯಿತು. ನೆಟ್‌ವರ್ಕ್ ಇಲ್ಲದಾಗ 1 ಕೊಟ್ಟರೆ, ಎರರ್ ಪಾಲಿಸಿ (ತಪ್ಪಾದಾಗ ಏನು ಮಾಡಬೇಕೆಂಬ ಸೆಟ್ಟಿಂಗ್) ಸ್ಟಾಪ್-ಪ್ರಿಂಟರ್ ಆಗಿದ್ದಲ್ಲಿ ಇಡೀ ಕ್ಯೂ ನಿಲ್ಲುತ್ತದೆ. 6 ಕೊಟ್ಟರೆ ಜಾಬ್ ಆಮೇಲೆ ಮತ್ತೆ ಪ್ರಯತ್ನವಾಗುತ್ತದೆ. ಮರುಪ್ರಯತ್ನದಲ್ಲಿ ಒಂದೇ ದಾಖಲೆ ಎರಡು ಸಲ ತಲುಪೀತು, ಹಾಗಾಗಿ ಯಂತ್ರದ ಹೆಸರು ಮತ್ತು ಜಾಬ್ ಸಂಖ್ಯೆ ಸೇರಿಸಿ ಗುರುತು ಕಳಿಸಿ, ನಕಲನ್ನು ಸರ್ವರ್ ಕೈಬಿಡಲಿ.

ದಾಖಲೆಯನ್ನು ಬಂದ ಹಾಗೆಯೇ ದಾಟಿಸುವ ರಾ ಕ್ಯೂ ಮಾಡಬೇಡಿ: ಒಂದು ಅಪ್ಲಿಕೇಶನ್ ಪಿಡಿಎಫ್, ಇನ್ನೊಂದು ಪೋಸ್ಟ್‌ಸ್ಕ್ರಿಪ್ಟ್ ಕಳಿಸುತ್ತದೆ. ಪಿಡಿಎಫ್ ಮಾತ್ರ ಬೇಕೆಂದು ಪ್ರಿಂಟರಿನ ವಿವರವಿರುವ ಪಿಪಿಡಿ ಫೈಲಿನ ಫಿಲ್ಟರ್ ಸಾಲಿನಲ್ಲೇ ಹೇಳಿ. ಎಲ್ಲ ಸರಿಯಿದ್ದೂ ಫೈಲ್ ಓದಲು ಅನುಮತಿಯಿಲ್ಲವೆಂದರೆ ಪ್ರೋಗ್ರಾಂಗಳಿಗೆ ಮಿತಿ ಹಾಕುವ ಭದ್ರತಾ ವ್ಯವಸ್ಥೆಯಾದ ಆಪ್‌ಆರ್ಮರ್‌ನ ಲಾಗ್ ನೋಡಿ.