ಡೀಸೆಲ್ ಕಾರಿನ ಡಿಪಿಎಫ್ ಕಟ್ಟಿಕೊಂಡಿದೆಯೇ? ಫಿಲ್ಟರ್ ಬಿಚ್ಚುವ ಮೊದಲು ಪರೀಕ್ಷಿಸುವ ಕ್ರಮ

ಪಿಕಪ್ ಕುಸಿದು, ಮೀಟರಿನಲ್ಲಿ ಹಳದಿ ದೀಪ ಹೊತ್ತಿಕೊಂಡ ಡೀಸೆಲ್ ಕಾರನ್ನು ಗ್ಯಾರೇಜಿಗೆ ಒಯ್ದರೆ ಇತ್ತೀಚೆಗೆ ಹೆಚ್ಚಾಗಿ ಕೇಳಿಬರುವ ಮಾತು, ‘ಡಿಪಿಎಫ್ ಚೋಕ್ ಆಗಿದೆ, ಬದಲಾಯಿಸಬೇಕು’ ಎಂಬುದು. ಡಿಪಿಎಫ್ ಎಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಹೊಗೆಯಲ್ಲಿನ ಮಸಿಯನ್ನು ಹಿಡಿದಿಡುವ ಶೋಧಕ. ಹೊಸ ಫಿಲ್ಟರಿನ ಬೆಲೆ ಮಧ್ಯಮ ವರ್ಗದ ಕುಟುಂಬದ ಹಲವು ತಿಂಗಳ ಉಳಿತಾಯವನ್ನು ನುಂಗುವಷ್ಟಿರುವುದರಿಂದ, ಫಿಲ್ಟರ್ ನಿಜವಾಗಿಯೂ ಕಟ್ಟಿಕೊಂಡಿದೆಯೇ, ಕಟ್ಟಿಕೊಂಡಿದ್ದರೆ ಮಸಿಯಿಂದಲೋ ಬೂದಿಯಿಂದಲೋ ಎಂಬುದನ್ನು ಅಳತೆಯ ಮೂಲಕ ತಿಳಿದುಕೊಳ್ಳದೆ ಆ ಮಾತಿಗೆ ಒಪ್ಪಿಗೆ ಕೊಡಬಾರದು. ಈ ಫಿಲ್ಟರ್ ತಾನಾಗಿಯೇ ಕೆಡುವುದು ಅಪರೂಪ. ಬೇರೆಲ್ಲೋ ಇರುವ ದೋಷದ ಫಲ ಅದರಲ್ಲಿ ಬಂದು ತುಂಬಿಕೊಳ್ಳುತ್ತದೆ. ಆ ದೋಷವನ್ನು ಹುಡುಕದೆ ಫಿಲ್ಟರ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ನಿಮ್ಮ ಕಾರಿನಲ್ಲಿ ಈ ಫಿಲ್ಟರ್ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-6 (ಭಾರತ್ ಸ್ಟೇಜ್ 6) ಹೊಗೆ ಮಾನದಂಡ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳಿಗೆ ಡಿಪಿಎಫ್ ಅನಿವಾರ್ಯವಾಯಿತು. ಆ ಮೊದಲ ವರ್ಷಗಳ ಕಾರುಗಳೇ ಈಗ ಲಕ್ಷ ಕಿಲೋಮೀಟರ್ ದಾಟಿ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಅದಕ್ಕೂ ಹಿಂದಿನ ಬಿಎಸ್-4 ಡೀಸೆಲ್ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಮಾತ್ರ ಇರುತ್ತದೆ. ಅಂಥ ಕಾರಿಗೆ ಡಿಪಿಎಫ್ ದೋಷವನ್ನು ಆರೋಪಿಸುವುದರಲ್ಲಿ ಅರ್ಥವಿಲ್ಲ. ಟರ್ಬೊ ಬಳಿ ಅಥವಾ ಕಾರಿನ ಅಡಿಯಲ್ಲಿ ಇರುವ ದಪ್ಪ ಡಬ್ಬಿಯಿಂದ ತೆಳುವಾದ ಲೋಹದ ನಳಿಕೆಗಳು, ಸಾಮಾನ್ಯವಾಗಿ ಎರಡು, ಹೊರಟು ರಬ್ಬರ್ ಹೋಸ್ ಮೂಲಕ ಒಂದು ಪುಟ್ಟ ಪ್ಲಾಸ್ಟಿಕ್ ಸೆನ್ಸರಿಗೆ ಸೇರಿದ್ದರೆ ಫಿಲ್ಟರ್ ಇದೆ ಎಂದೇ ತಿಳಿಯಬಹುದು. ಕೆಲವು ಕಾರುಗಳಲ್ಲಿ ಬೇರೆ ಟ್ಯಾಂಕಿಗೆ ತುಂಬಿಸುವ, ಹೊಗೆಯಲ್ಲಿನ ನೈಟ್ರೋಜನ್ ಆಕ್ಸೈಡ್‌ಗಳನ್ನು ತಗ್ಗಿಸುವ ಡಿಇಎಫ್ ದ್ರವದ ವ್ಯವಸ್ಥೆಯೂ ಇರುತ್ತದೆ. ಅದರ ದೀಪವೇ ಬೇರೆ, ಕೆಲಸವೇ ಬೇರೆ. ಎರಡನ್ನೂ ಒಂದೆಂದು ಭಾವಿಸಬೇಡಿ.

ಫಿಲ್ಟರಿನ ಒಳಗೆ ಜೇನುಗೂಡಿನಾಕಾರದ ಸೆರಾಮಿಕ್ ಇದ್ದು, ಹೊಗೆ ಅದರ ಸೂಕ್ಷ್ಮ ರಂಧ್ರದ ಗೋಡೆಗಳನ್ನು ಹಾಯ್ದು ಹೋಗುವಾಗ ಮಸಿ ಹಿಂದೆ ಉಳಿಯುತ್ತದೆ. ಮಸಿ ಒಂದು ಮಟ್ಟ ತಲುಪಿದಾಗ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಫಿಲ್ಟರಿನ ಉಷ್ಣತೆಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ ಮಸಿಯನ್ನು ಸುಡುತ್ತದೆ. ಇದನ್ನೇ ರೀಜನರೇಷನ್ ಎನ್ನುವುದು. ಇಂಜಿನ್ ಆಯಿಲ್‌ನಲ್ಲಿರುವ ಲೋಹದ ಅಂಶಗಳಿಂದ ಬರುವ ಬೂದಿ ಮಾತ್ರ ಹೀಗೆ ಸುಡುವುದಿಲ್ಲ. ಒಲೆಯಲ್ಲಿ ಸೌದೆ ಎಷ್ಟೇ ಚೆನ್ನಾಗಿ ಉರಿದರೂ ಬೂದಿ ಉಳಿಯುವಂತೆ, ಅದು ವರ್ಷದಿಂದ ವರ್ಷಕ್ಕೆ ಫಿಲ್ಟರಿನ ತಳದಲ್ಲಿ ಶೇಖರವಾಗುತ್ತದೆ.

ಕಾರು ಎಲ್ಲಿ, ಹೇಗೆ ಓಡುತ್ತದೆ ಎಂಬುದನ್ನು ಕೇಳಿಕೊಳ್ಳುವುದೇ ಪರೀಕ್ಷೆಯ ಆರಂಭ. ತುಮಕೂರಿನ ಬಟವಾಡಿಯಿಂದ ಬಿ.ಎಚ್. ರಸ್ತೆ ಹಿಡಿದು ಮಕ್ಕಳನ್ನು ಶಾಲೆಗೆ ಬಿಟ್ಟು, ಅಂತರಸನಹಳ್ಳಿ ಮಾರುಕಟ್ಟೆಗೆ ಹೋಗಿ ಮನೆ ಸೇರುವ ಕಾರಿನ ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಬಂದ್ ಆಗುವುದರಿಂದ, ಅದರಲ್ಲಿ ರೀಜನರೇಷನ್ ಶುರುವಾಗುವುದೇ ಕಷ್ಟ, ಶುರುವಾದರೂ ಅರ್ಧಕ್ಕೆ ನಿಲ್ಲುತ್ತದೆ. ಅಂಥ ಕಾರಿನಲ್ಲಿ ಮಸಿ ತುಂಬಿದ್ದರೆ ಆಶ್ಚರ್ಯವಿಲ್ಲ, ಅದು ಬಹುಪಾಲು ಸರಿಹೋಗುವಂಥದ್ದು. ಆದರೆ ಪ್ರತಿದಿನ ಕ್ಯಾತ್ಸಂದ್ರ ದಾಟಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬೆಂಗಳೂರಿಗೆ ಹೋಗಿ ಬರುವ ಕಾರಿನ ಫಿಲ್ಟರ್ ಕಟ್ಟಿಕೊಂಡಿದ್ದರೆ ಕಡಿಮೆ ಓಡಾಟವನ್ನು ಕಾರಣವಾಗಿ ಹೇಳಲು ಬರುವುದಿಲ್ಲ. ಅಲ್ಲಿ ಇಂಜಿನ್ನಿನ ಮೇಲೆಯೇ ಅನುಮಾನ ಪಡಬೇಕು.

ಯಾವ ಉಪಕರಣವೂ ಇಲ್ಲದೆ ನೋಡಬಹುದಾದ ಎರಡು ಜಾಗಗಳಿವೆ. ತಣ್ಣಗಿರುವ ಸೈಲೆನ್ಸರ್ ತುದಿಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಫಿಲ್ಟರ್ ಸರಿಯಾಗಿದ್ದರೆ ಬಟ್ಟೆಗೆ ಧೂಳು ಅಥವಾ ತುಕ್ಕಿನ ಬಣ್ಣವಷ್ಟೇ ಅಂಟುತ್ತದೆ. ಕಾಡಿಗೆಯಂಥ ಕಪ್ಪು ಮೆತ್ತಿಕೊಂಡರೆ ಒಳಗಿನ ಸೆರಾಮಿಕ್ ಬಿರಿದಿರಬಹುದು, ಇಲ್ಲವೇ ಹಿಂದಿನ ಮಾಲೀಕರ ಕಾಲದಲ್ಲಿ ಅದನ್ನು ಒಡೆದು ತೆಗೆದಿರಬಹುದು. ಎರಡನೆಯ ಜಾಗ ಡಿಪ್ ಸ್ಟಿಕ್. ಅರ್ಧಕ್ಕೆ ನಿಂತ ರೀಜನರೇಷನ್‌ಗಳಿಂದ ಸುಡದ ಡೀಸೆಲ್ ಸಿಲಿಂಡರ್ ಗೋಡೆಗಳ ಮೂಲಕ ಇಳಿದು ಇಂಜಿನ್ ಆಯಿಲ್‌ಗೆ ಬೆರೆಯುವುದರಿಂದ, ಆಯಿಲ್ ಮಟ್ಟ ಮೇಲಿನ ಗುರುತನ್ನು ದಾಟಿದ್ದು ಡೀಸೆಲ್ ವಾಸನೆಯೂ ಬರುತ್ತಿದ್ದರೆ ಮುಂದಿನ ಯಾವ ಪರೀಕ್ಷೆಗೂ ಹೋಗದೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಈ ಸ್ಥಿತಿಯಲ್ಲಿ ಕಾರನ್ನು ಜೋರಾಗಿ ಓಡಿಸಿದರೆ ಬೇರಿಂಗ್‌ಗಳು ಸವೆಯುತ್ತವೆ. ಹೆಚ್ಚಾದ ಆಯಿಲ್ ಗಾಳಿಯ ಹಾದಿಗೆ ಸೇರಿ ಇಂಜಿನ್ ಹಿಡಿತ ತಪ್ಪಿ ಓಡುವ ಅಪಾಯವೂ ಇದೆ. ಹೊಗೆ ತಪಾಸಣೆಯ ಸರ್ಟಿಫಿಕೇಟನ್ನು ಮಾತ್ರ ಇಲ್ಲಿ ನೆಚ್ಚಬೇಡಿ. ಕಟ್ಟಿಕೊಂಡ ಫಿಲ್ಟರ್ ಕೂಡ ಹೊಗೆಯನ್ನು ಚೆನ್ನಾಗಿಯೇ ಶೋಧಿಸುತ್ತದೆ.

ನಂತರ ಸ್ಕ್ಯಾನರ್ ಹಾಕಿಸಿ, ಇಸಿಯು ದಾಖಲಿಸಿರುವ ದೋಷದ ಕೋಡ್‌ಗಳನ್ನು ಅಳಿಸುವ ಮೊದಲು ಬರೆದುಕೊಳ್ಳಿ. ಪಿ2463 ಎಂದರೆ ಮಸಿ ಹೆಚ್ಚಾಗಿದೆ ಎಂದು, ಪಿ242ಎಫ್ ಎಂದರೆ ಬೂದಿ ಮಿತಿ ಮೀರಿದೆ ಎಂದು, ಪಿ2002 ಎಂದರೆ ಫಿಲ್ಟರಿನ ಶೋಧನಾ ಸಾಮರ್ಥ್ಯ ತಗ್ಗಿದೆ ಎಂದು. ಪಿ2452ರಿಂದ ಪಿ2455ರವರೆಗಿನವು ಒತ್ತಡ ಅಳೆಯುವ ಸೆನ್ಸರಿಗೆ ಸೇರಿದವು. ಇವು ಬಂದಿದ್ದರೆ ಫಿಲ್ಟರ್ ವಿಷಯವನ್ನು ಬದಿಗಿಟ್ಟು ಸೆನ್ಸರ್ ಮತ್ತು ಅದರ ವೈರಿಂಗ್ ನೋಡಬೇಕು. ಜೊತೆಯಲ್ಲಿ ಟರ್ಬೊ, ಇಜಿಆರ್ (ಹೊಗೆಯ ಒಂದು ಭಾಗವನ್ನು ಇಂಜಿನ್ನಿಗೆ ಮರಳಿಸುವ ವ್ಯವಸ್ಥೆ) ಅಥವಾ ಗ್ಲೋ ಪ್ಲಗ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಭಾಗ) ಕೋಡ್‌ಗಳಿದ್ದರೆ ಮೊದಲು ಅವನ್ನೇ ಸರಿಪಡಿಸಿ. ಅಂಥ ದೋಷ ಇರುವವರೆಗೆ ಅನೇಕ ಕಾರುಗಳ ಇಸಿಯು ರೀಜನರೇಷನ್‌ಗೆ ಅನುಮತಿಯನ್ನೇ ಕೊಡುವುದಿಲ್ಲ.

ಕೋಡ್ ಸುಳಿವು ಕೊಡುತ್ತದೆ, ತೀರ್ಪು ಕೊಡುವುದು ಒತ್ತಡದ ಅಳತೆ. ಫಿಲ್ಟರಿನ ಹಿಂದಿನ ಮತ್ತು ಮುಂದಿನ ಒತ್ತಡಗಳ ವ್ಯತ್ಯಾಸವನ್ನು ಸ್ಕ್ಯಾನರಿನ ಲೈವ್ ಡೇಟಾದಲ್ಲಿ ನೋಡಬಹುದು. ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್‌ನಲ್ಲಿ ಅದು ಕೆಲವು ಕಾರುಗಳಿಗೆ ಮಾತ್ರ ಸಿಗುತ್ತದೆ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಮಾಡಿ ಮೊದಲ ಅಳತೆ ತೆಗೆದುಕೊಳ್ಳಿ. ಹೊಗೆಯ ಹರಿವೇ ಇಲ್ಲದಿರುವಾಗ ಅದು ಸೊನ್ನೆ ಅಥವಾ ಸೊನ್ನೆಯ ಹತ್ತಿರವೇ ಇರಬೇಕು. ಇಂಜಿನ್ ಬಂದ್ ಇರುವಾಗಲೂ 20 ಅಥವಾ 30 ಮಿಲಿಬಾರ್ ತೋರಿಸುತ್ತಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ, ಆ ಸುಳ್ಳನ್ನು ನಂಬಿ ಇಸಿಯು ಫಿಲ್ಟರ್ ತುಂಬಿದೆ ಎಂದು ತಿಳಿದಿದೆ. ಬಳಿಕ ಇಂಜಿನ್ನನ್ನು ಚೆನ್ನಾಗಿ ಬಿಸಿ ಮಾಡಿ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ, ನೋಡಿ. ಆರೋಗ್ಯವಂತ ಫಿಲ್ಟರಿನಲ್ಲಿ ಸಾಮಾನ್ಯವಾಗಿ 10-15 ಮಿಲಿಬಾರ್‌ಗಿಂತ ಹೆಚ್ಚಿರುವುದಿಲ್ಲ. ಆಮೇಲೆ ನ್ಯೂಟ್ರಲ್‌ನಲ್ಲಿ ಆರ್‌ಪಿಎಂ ಅನ್ನು 2500ಕ್ಕೆ ಏರಿಸಿ ಸ್ವಲ್ಪ ಹೊತ್ತು ಹಿಡಿದಿಡಿ; ಅಳತೆ ಕ್ರಮವಾಗಿ ಏರಿ ಒಂದು ಕಡೆ ನಿಲ್ಲಬೇಕು. ಅಲ್ಲಿ 100 ಮಿಲಿಬಾರ್ ದಾಟುತ್ತಿದ್ದರೆ ಹಾದಿ ಕಟ್ಟಿದೆ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಈ ಅಂಕಿಗಳು ಅಂದಾಜಿನವು. ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಹೇಳುವ ಮಿತಿಯೇ ಅಂತಿಮ. ಕೆಲವು ಸ್ಕ್ಯಾನರ್‌ಗಳು ಕಿಲೋಪಾಸ್ಕಲ್‌ನಲ್ಲಿ ತೋರಿಸುತ್ತವೆ. ಒಂದು ಕಿಲೋಪಾಸ್ಕಲ್ ಎಂದರೆ 10 ಮಿಲಿಬಾರ್.

ಆರ್‌ಪಿಎಂ ಏರಿದರೂ ಅಳತೆ ಅಲುಗಾಡದೆ ಸೊನ್ನೆಯಲ್ಲೇ ನಿಂತಿದ್ದರೆ ಹೋಸ್‌ಗಳ ಕಡೆ ಗಮನ ಹರಿಸಿ. ಸೈಲೆನ್ಸರ್ ಬಿಸಿಗೆ ಅವು ಗಟ್ಟಿಯಾಗಿ, ಕ್ಲಿಪ್ ಕೂರುವ ಜಾಗದಲ್ಲಿ ಕೂದಲೆಳೆಯಷ್ಟು ಸೀಳಿರುತ್ತವೆ. ಮೇಲ್ನೋಟಕ್ಕೆ ಕಾಣದ ಆ ಸೀಳು ಹೋಸನ್ನು ಬೆರಳಲ್ಲಿ ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಹೋಸ್ ಒಳಗೆ ನೀರು ಅಥವಾ ಮಸಿ ಕಟ್ಟಿದ್ದರೂ ತಪ್ಪು ಅಳತೆ ಬರುತ್ತದೆ. ಹೋಸ್‌ಗಳನ್ನು ಸೆನ್ಸರಿನಿಂದ ಕಳಚಿದ ಮೇಲೆಯೇ ಗಾಳಿ ಊದಿಸಿ, ಇಲ್ಲದಿದ್ದರೆ ಕಂಪ್ರೆಸರ್ ಒತ್ತಡಕ್ಕೆ ಸೆನ್ಸರ್ ಹಾಳಾಗುತ್ತದೆ. ಮರಳಿ ಕೂರಿಸುವಾಗ ಅದಲು ಬದಲಾಗದಂತೆ ಮೊದಲೇ ಗುರುತು ಹಾಕಿಕೊಳ್ಳಿ. ಫಿಲ್ಟರ್ ಬದಲಿಸಲು ಹೊರಟವರು ಈ ಹೋಸ್‌ಗಳನ್ನು ಮೊದಲು ನೋಡಲೇಬೇಕು ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಎರಡರ ಖರ್ಚಿಗೆ ಹೋಲಿಕೆಯೇ ಇಲ್ಲ.

ಅಳತೆ ಹೆಚ್ಚಿದ್ದು ಸೆನ್ಸರ್ ಸರಿಯಿದ್ದರೆ ಮುಂದಿನ ಪ್ರಶ್ನೆ ಮಸಿಯೋ ಬೂದಿಯೋ ಎಂಬುದು. ಡಿಪಿಎಫ್ ದೀಪ ಸ್ಥಿರವಾಗಿ ಉರಿಯುತ್ತಿದ್ದು, ಇಂಜಿನ್ ದೀಪ ಹೊತ್ತಿಲ್ಲದಿದ್ದರೆ, ಆಯಿಲ್ ಮಟ್ಟ ಸರಿಯಿದ್ದು ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಡೀಸೆಲ್ ಇದ್ದರೆ, ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಕಾರನ್ನು ಒಯ್ಯಿರಿ. ಸುಮಾರು 50 ಕಿಲೋಮೀಟರ್ ದೂರದ ಈ ದಾರಿಯಲ್ಲಿ ವೇಗಮಿತಿಯೊಳಗೇ ಇದ್ದು, ಒಂದು ಗೇರ್ ಕೆಳಗಿಟ್ಟು ಆರ್‌ಪಿಎಂ 2000ದಿಂದ 2500ರ ನಡುವೆ ಇರುವಂತೆ ಅರ್ಧ ಗಂಟೆ ನಿಲ್ಲಿಸದೆ ಓಡಿಸಲು ಸಾಧ್ಯ. ರೀಜನರೇಷನ್ ನಡೆಯುವಾಗ ಮೈಲೇಜ್ ಸೂಚಕ ಇಳಿಯುತ್ತದೆ, ಐಡಲ್ ತುಸು ಏರುತ್ತದೆ, ಬಿಸಿ ಲೋಹದ ವಾಸನೆ ಬರುತ್ತದೆ. ಈ ಲಕ್ಷಣಗಳಿರುವಾಗ ಇಂಜಿನ್ ಬಂದ್ ಮಾಡಬೇಡಿ. ಸುಗ್ಗಿಯ ದಿನಗಳಲ್ಲಾದರೆ ಹಳ್ಳಿಯ ಅಡ್ಡರಸ್ತೆಗಳಿಗೆ ಇಳಿಯಲೇಬಾರದು. ಒಕ್ಕಣೆಗೆಂದು ರಸ್ತೆಯ ಮೇಲೆ ಹರಡಿದ ಹುರುಳಿ, ರಾಗಿ ಹುಲ್ಲು ಕಾರಿನಡಿ ಸುತ್ತಿಕೊಂಡರೆ ಅಷ್ಟು ಬಿಸಿಯಾದ ಫಿಲ್ಟರಿಗೆ ತಾಗಿ ಬೆಂಕಿ ಹತ್ತುತ್ತದೆ. ಒಣಹುಲ್ಲಿನ ಮೇಲೆ ನಿಲ್ಲಿಸುವುದೂ ಅಷ್ಟೇ ಅಪಾಯಕರ. ದೀಪ ಮಿನುಗುತ್ತಿದ್ದರೆ ಅಥವಾ ಕಾರು ಲಿಂಪ್ ಮೋಡ್‌ಗೆ (ಇಸಿಯು ತಾನಾಗಿ ಶಕ್ತಿ ತಗ್ಗಿಸುವ ಸ್ಥಿತಿಗೆ) ಹೋಗಿದ್ದರೆ ಈ ಪ್ರಯತ್ನ ಬೇಡ; ಗ್ಯಾರೇಜಿನಲ್ಲಿ ಸ್ಕ್ಯಾನರ್ ಮೂಲಕವೇ ರೀಜನರೇಷನ್ ಮಾಡಿಸಬೇಕು.

ಅದಾದ ಮೇಲೆ ಅದೇ 2500 ಆರ್‌ಪಿಎಂನಲ್ಲಿ ಮತ್ತೆ ಅಳೆಯಿರಿ. ಒತ್ತಡ ಸ್ಪಷ್ಟವಾಗಿ ಇಳಿದಿದ್ದರೆ ತುಂಬಿದ್ದದ್ದು ಮಸಿ. ರೀಜನರೇಷನ್ ಪೂರ್ತಿಯಾದರೂ ಹೆಚ್ಚು ಇಳಿಯದಿದ್ದರೆ, ಕಾರು ಲಕ್ಷ ಕಿಲೋಮೀಟರ್ ಮೇಲೆ ಓಡಿದ್ದರೆ, ಉಳಿದಿರುವುದು ಬೂದಿ ಎಂದೇ ತೀರ್ಮಾನಿಸಬಹುದು. ಬೂದಿಗೆ ಹೈವೇ ಓಟವಾಗಲಿ ಟ್ಯಾಂಕಿಗೆ ಸುರಿಯುವ ಔಷಧಿಯಾಗಲಿ ಪರಿಹಾರವಲ್ಲ. ಫಿಲ್ಟರನ್ನು ಬಿಚ್ಚಿ ಹಿಮ್ಮುಖವಾಗಿ ಗಾಳಿ ಅಥವಾ ನೀರು ಹಾಯಿಸುವ ಯಂತ್ರದಲ್ಲಿ ತೊಳೆಸಬೇಕು. ಆ್ಯಸಿಡ್ ಹಾಕಿ ತೊಳೆಯುವವರ ಕೈಗೆ ಮಾತ್ರ ಕೊಡಬೇಡಿ, ಒಳಗಿನ ಲೇಪನ ಹೋದರೆ ಫಿಲ್ಟರ್ ಹೋದಂತೆಯೇ.

ಮಸಿ ಎಂದು ಗೊತ್ತಾದ ಕಾರಿನಲ್ಲಿ ಅದು ಎಲ್ಲಿಂದ ಬಂತು ಎಂಬುದನ್ನು ಹುಡುಕುವುದು ತುಸು ಕಷ್ಟ. ಹಳೆಯ ಕಾರುಗಳಲ್ಲಿ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಸೋರಿದರೆ, ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸ್ ಬಿರಿದರೆ ಹಿಂದಿನಿಂದ ಬರುವ ಕಪ್ಪು ಹೊಗೆಯೇ ಅದನ್ನು ಸಾರುತ್ತಿತ್ತು. ಈಗ ಆ ಹೊಗೆಯನ್ನು ಫಿಲ್ಟರ್ ನುಂಗುವುದರಿಂದ ಮಾಲೀಕರಿಗೆ ಮೊದಲು ಕಾಣುವುದು ಡಿಪಿಎಫ್ ದೀಪ. ಆದ್ದರಿಂದ ಟರ್ಬೊದಿಂದ ಇಂಟರ್‌ಕೂಲರ್‌ವರೆಗಿನ ಹೋಸ್ ಜೋಡಣೆಗಳಲ್ಲಿ ಆಯಿಲ್ ಜಿನುಗಿದ ಕಲೆಗಳಿವೆಯೇ ನೋಡಿ, ಏರ್ ಫಿಲ್ಟರ್ ತೆಗೆದು ಧೂಳು ಪರೀಕ್ಷಿಸಿ, ಸ್ಕ್ಯಾನರ್ ತೋರಿಸುವ ಇಂಜೆಕ್ಟರ್ ಕರೆಕ್ಷನ್ ಅಂಕಿಗಳಲ್ಲಿ (ಪ್ರತಿ ಸಿಲಿಂಡರಿಗೆ ಇಸಿಯು ಮಾಡುವ ಡೀಸೆಲ್ ಹೊಂದಾಣಿಕೆ) ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರ ಬೇರೆಯಾಗಿದೆಯೇ ಗಮನಿಸಿ. ಕೂಲೆಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದೇ ಉಳಿದಿದ್ದರೆ ಕೂಲೆಂಟ್ ಉಷ್ಣತೆ ಹೆದ್ದಾರಿಯಲ್ಲೂ 80 ಡಿಗ್ರಿ ಮುಟ್ಟುವುದಿಲ್ಲ. ಇಂಜಿನ್ ತಣ್ಣಗಿದೆ ಎಂದುಕೊಂಡ ಇಸಿಯು ರೀಜನರೇಷನ್ ಆರಂಭಿಸುವುದೇ ಇಲ್ಲ. ಕಡಿಮೆ ಬೂದಿಯ, ಕಾರಿನ ಕೈಪಿಡಿ ಹೇಳಿದ ದರ್ಜೆಯ ಆಯಿಲ್ ಬದಲು ಬೇರೆ ಹಾಕಿಸಿದ್ದರೆ ಬೂದಿ ಬೇಗ ಕೂಡುತ್ತದೆ.

ಡಬ್ಬಿಯನ್ನು ಕೊರೆದು ಒಳಗಿನದನ್ನು ಒಡೆದು, ಇಸಿಯು ಸಾಫ್ಟ್‌ವೇರ್ ತಿದ್ದಿ ಕೊಡುತ್ತೇವೆ ಎನ್ನುವವರಿದ್ದಾರೆ. ಕಾರನ್ನು ತಯಾರಕರ ಮೂಲ ವಿವರಕ್ಕೆ ಭಿನ್ನವಾಗಿ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿಷೇಧಿಸುತ್ತದೆ, ಮತ್ತು ಆ ಮಸಿ ಹೋಗಿ ಸೇರುವುದು ನಮ್ಮದೇ ಬೀದಿಯ ಮಕ್ಕಳ, ಹಿರಿಯರ ಶ್ವಾಸಕೋಶಕ್ಕೆ. ತೊಳೆಸಿದ ಅಥವಾ ಹೊಸ ಫಿಲ್ಟರ್ ಕೂರಿಸಿದ ಮೇಲೆ ಇಸಿಯುನಲ್ಲಿರುವ ಹಳೆಯ ಮಸಿ-ಬೂದಿ ಲೆಕ್ಕವನ್ನು ಸ್ಕ್ಯಾನರಿನಿಂದ ಮರುಹೊಂದಿಸಲು ಮೆಕ್ಯಾನಿಕ್‌ಗೆ ಹೇಳಿ, ಐಡಲ್ ಮತ್ತು 2500 ಆರ್‌ಪಿಎಂ ಅಳತೆಗಳನ್ನು ಬಿಲ್ಲಿನ ಹಿಂಬದಿಯಲ್ಲಿ ಕಿಲೋಮೀಟರ್ ಸಮೇತ ಬರೆಸಿಕೊಳ್ಳಿ. ಮುಂದಿನ ಸರ್ವಿಸ್‌ನಲ್ಲಿ ಅದೇ ಅಳತೆಗಳನ್ನು ಮತ್ತೆ ತೆಗೆಸಿ ಹೋಲಿಸಿದರೆ, ದೀಪ ಹೊತ್ತುವ ಮೊದಲೇ ಏರಿಕೆ ಕಾಣುತ್ತದೆ.