ಕ್ಯಾನ್ಸರ್ ನಾಲ್ಕನೇ ಸ್ಟೇಜ್ ಅಂದ್ಮೇಲೆ ದಿನಗಳನ್ನ ಹೇಗೆ ನಡೆಸೋದು

ಎಲ್ಲಕ್ಕಿಂತ ಮೊದ್ಲು ನೋವು ನೋಡ್ಕೊಳ್ಳಿ. ನೋವಲ್ಲಿ ಒದ್ದಾಡ್ತಿರೋರಿಗೆ ಮಕ್ಕಳ ಮಾತೂ ರುಚಿಸಲ್ಲ, ದೇವ್ರೂ ನೆನಪಾಗಲ್ಲ. ಪ್ಯಾಲಿಯೇಟಿವ್ ಕೇರ್‌ಗೆ, ಅಂದ್ರೆ ನೋವು ಸಂಕಟ ಕಮ್ಮಿ ಮಾಡೋ ಆರೈಕೆಗೆ, ಬರ್ಕೊಡಿ ಅಂತ ನಿಮ್ಮ ಡಾಕ್ಟರ್‌ನ ನೀವೇ ಕೇಳಿ, ಅದು ಕೊನೇ ದಿನಕ್ಕೆ ಮಾತ್ರ ಅಂದ್ಕೋಬೇಡಿ, ಕೀಮೋ ನಡೀತಿರುವಾಗ್ಲೇ ಶುರು ಮಾಡಬಹುದು. ಜೋರು ನೋವಿಗೆ ಕೊಡೋ ಮಾರ್ಫಿನ್ ಅಂದ ತಕ್ಷಣ ಮನೆಯವ್ರು ಚಟ ಹಿಡಿಯುತ್ತೆ ಅಂತ ಹೆದರ್ತಾರೆ, ಆದ್ರೆ ಕ್ಯಾನ್ಸರ್ ನೋವಿಗೆ ಡಾಕ್ಟರ್ ಹೇಳಿದಷ್ಟೇ ತಗೊಂಡ್ರೆ ಹಾಗಾಗೋದು ತುಂಬಾ ಅಪರೂಪ. ನೋವು ತಡ್ಕೊಂಡು ತಡ್ಕೊಂಡು ಆಮೇಲೆ ನುಂಗೋದಲ್ಲ, ಗಡಿಯಾರ ನೋಡಿ ತಗೋಬೇಕು, ಸಾಮಾನ್ಯ ಮಾರ್ಫಿನ್ ಮಾತ್ರೆ ಆದ್ರೆ 4 ಗಂಟೆಗೊಂದ್ಸಲ. ಮಾರ್ಫಿನ್‌ನಿಂದ ಮಲ ಕಟ್ಟೋದು ಹೆಚ್ಚುಕಮ್ಮಿ ಗ್ಯಾರಂಟಿ, ಅದಕ್ಕೂ ಔಷಧಿ ಅವತ್ತೇ ಬರೆಸ್ಕೊಂಡು ಬನ್ನಿ.

ಡಾಕ್ಟರ್ ಹತ್ರ "ಎಷ್ಟು ದಿನ ಇರ್ತೀನಿ" ಅಂದ್ರೆ ಸರಿಯಾದ ಉತ್ತರ ಸಿಗಲ್ಲ, ಯಾರಿಗೂ ಅಷ್ಟು ಕರೆಕ್ಟಾಗಿ ಗೊತ್ತಿರಲ್ಲ. "ಮಗಳ ಮದುವೆ ಮಾಘದಲ್ಲಿ ಇಟ್ಕೊಂಡಿದೀವಿ, ಕಾರ್ತೀಕಕ್ಕೇ ಮಾಡಿ ಮುಗಿಸೋದು ಒಳ್ಳೇದಾ ಸಾರ್" ಅಂತ ಕೇಳಿ ನೋಡಿ, ಮಾತು ಬಿಚ್ಚುತ್ತೆ. ಮುಂದಿನ ಸ್ಕ್ಯಾನ್‌ವರೆಗೆ ಮಾತ್ರ ಪ್ಲಾನ್ ಮಾಡಿ, ರಿಪೋರ್ಟ್ ಬಂದ್ಮೇಲೆ ಮುಂದಿಂದು.

21 ದಿನಕ್ಕೊಂದ್ಸಲ ಕೊಡೋ ಕೀಮೋ ಆದ್ರೆ ಸಾಮಾನ್ಯವಾಗಿ ಮುಂದಿನ ಕೀಮೋಗೆ ಮುಂಚಿನ ವಾರ ಮೈ ಸ್ವಲ್ಪ ಹಗುರ ಇರುತ್ತೆ. ಊರಿಗೆ ಹೋಗೋದು, ಹಳೇ ಗೆಳತೀನ ಮಾತಾಡ್ಸೋದು, ಮಾತು ಬಿಟ್ಟ ತಮ್ಮನಿಗೆ ಫೋನ್ ಮಾಡೋದು ಎಲ್ಲ ಆ ವಾರಕ್ಕೆ ಇಟ್ಕೊಳ್ಳಿ.

ಮನೆಯವ್ರಿಗೆ ಒಂದು ಮಾತು, ಇದನ್ನ ನಾನು ಜೋರಾಗೇ ಹೇಳ್ತೀನಿ. "ಅಮ್ಮಂಗೆ ಗೊತ್ತಾಗೋದು ಬೇಡ" ಅಂತ ಫೈಲ್ ಮುಚ್ಚಿಡಬೇಡಿ, ಅವ್ರಿಗೆ ಮೈಯೇ ಹೇಳಿರುತ್ತೆ, ನೀವು ಮುಚ್ಚಿಟ್ರೆ ಅವ್ರು ಒಬ್ರೇ ಹೆದರ್ತಾ ಮಲಗಿರ್ತಾರೆ ಅಷ್ಟೇ. ಎಷ್ಟು ತಿಳ್ಕೋಬೇಕು ಅಂತಿದೀಯಮ್ಮಾ ಅಂತ ಅವ್ರನ್ನೇ ಕೇಳಿ, ಬೇಡ ಅಂದ್ರೆ ಬಿಡಿ. ಹಾಗೇ ಕೈಯಿಂದ ಎಲ್ಲಾ ಕೆಲಸ ಕಿತ್ಕೋಬೇಡಿ. ಕೂತಲ್ಲೇ ಅವರೆಕಾಯಿ ಬಿಡಿಸ್ಲಿ, ಹಾಲಿನ ಲೆಕ್ಕ ನೋಡ್ಲಿ, ಮೊಮ್ಮಗಳಿಗೆ ಮಗ್ಗಿ ಹೇಳಿಸ್ಲಿ, ಈ ಮನೆಗೆ ನಾನಿನ್ನೂ ಬೇಕು ಅನ್ನಿಸೋದು ಇಂಥದ್ರಿಂದ್ಲೇ.

ಪೇಪರ್ ಕೆಲಸ ಬುದ್ಧಿ ಚುರುಕಾಗಿರುವಾಗ್ಲೇ ಮುಗಿಸಿ. ಬ್ಯಾಂಕ್ ನಾಮಿನಿ, ವಿಲ್ ಎಲ್ಲಾರಿಗೂ ಗೊತ್ತು, ಜೊತೆಗೆ ಲಿವಿಂಗ್ ವಿಲ್ ಅಂತ ಒಂದಿದೆ, ವಾಸಿಯಾಗೋ ಆಸೆ ಇಲ್ಲದಾಗ ವೆಂಟಿಲೇಟರ್ ಥರದ್ದು ಬೇಕೋ ಬೇಡ್ವೋ, ನನಗೆ ಮಾತಾಡಕ್ಕಾಗದಿದ್ರೆ ಯಾರು ತೀರ್ಮಾನ ಮಾಡಬೇಕು ಅಂತ ಮೊದ್ಲೇ ಬರೆದಿಡೋದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನ ಒಪ್ಪಿ 2023ರಲ್ಲಿ ಸುಲಭ ಮಾಡಿದೆ, ಇಬ್ರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಆಫೀಸರ್ ಸಹಿ ಇದ್ರೆ ಸಾಕು. ಒಂದು ಕಾಪಿ ನೋಡ್ಕೊಳ್ಳೋರ ಕೈಲಿರ್ಲಿ.

ಮನೇಲಿ ನಿಭಾಯಿಸಕ್ಕಾಗ್ತಿಲ್ಲ ಅಂದ್ರೆ ಬೆಂಗಳೂರಲ್ಲಿ ಮಾರತ್ತಹಳ್ಳಿ ಹತ್ರ ಕರುಣಾಶ್ರಯ ಇದೆ, ವಾಸಿಯಾಗದ ಹಂತದ ಕ್ಯಾನ್ಸರ್‌ನೋರನ್ನ ದುಡ್ಡು ತಗೊಳ್ದೆ ನೋಡ್ಕೋತಾರೆ. ಕೈಮೀರೋವರೆಗೂ ಕಾಯದೆ ಮೊದ್ಲೇ ಒಂದ್ಸಲ ಹೋಗಿ ವಿಚಾರಿಸ್ಕೊಂಡು ಬನ್ನಿ.