ಸ್ವಂತ ಟಿಸಿ ಹಾಕಿಸೋರಿಗೆ: ಕರೆಂಟ್ ಉಳಿಸೋ ಟ್ರಾನ್ಸ್‌ಫಾರ್ಮರ್ ಆರಿಸೋದು ಹೇಗೆ

ರೈಸ್ ಮಿಲ್ಲೋ, ಅಪಾರ್ಟ್‌ಮೆಂಟೋ, ಸಣ್ಣ ಫ್ಯಾಕ್ಟರಿನೋ, ಎಚ್‌ಟಿ (ಹೈ ಟೆನ್ಶನ್, ಇಲ್ಲಿ 11 ಕೆವಿ) ಕನೆಕ್ಷನ್ ತಗೊಂಡ್ರೆ ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ನಿಮ್ದೇ. ಮೀಟರ್ 11 ಕೆವಿ ಕಡೆ ಕೂತಿರುತ್ತೆ, ಹಂಗಾಗಿ ಟಿಸಿ ಒಳಗೇ ಬಿಸಿಯಾಗಿ ಹಾಳಾಗೋ ಕರೆಂಟಿಗೂ ದುಡ್ಡು ಕಟ್ಟೋರು ನೀವೇ. ಆದ್ರೂ ಬಹಳ ಜನ ಕೊಟೇಶನ್ ಬಂದಾಗ ಕೆವಿಎ (ಟಿಸಿಯ ಸಾಮರ್ಥ್ಯ) ಎಷ್ಟು, ರೇಟ್ ಎಷ್ಟು ಅಷ್ಟು ನೋಡಿ ಆರ್ಡರ್ ಕೊಟ್ಟುಬಿಡ್ತಾರೆ, ಇದು ವರ್ಷಗಟ್ಟಲೆ ಹಗಲೂ ರಾತ್ರಿ ಚಾಲೂ ಇರೋ ಸಾಮಾನು ಅನ್ನೋದು ಆಗ ತಲೆಗೇ ಬರಲ್ಲ.

ಮೊದ್ಲು ತಿಳ್ಕೋಬೇಕಾದ್ದು, ಟಿಸಿಯಲ್ಲಿ ನಷ್ಟ ಎರಡು ಥರ. ಒಂದು ನೋ-ಲೋಡ್ ಲಾಸ್, ಅಂದ್ರೆ ಕೋರ್‌ನಲ್ಲಿ (ತಂತಿ ಸುತ್ತೋ ಒಳಗಿನ ಲೋಹದ ಭಾಗದಲ್ಲಿ) ಆಗೋದು, ಟಿಸಿ ಚಾರ್ಜ್ ಆಗಿದ್ರೆ ಸಾಕು, ಮಿಲ್ ಬಂದ್ ಆಗಿರ್ಲಿ, ಭಾನುವಾರ ಇರ್ಲಿ, ಅದು ಓಡ್ತಾನೇ ಇರುತ್ತೆ. ಇನ್ನೊಂದು ಲೋಡ್ ಲಾಸ್, ವೈಂಡಿಂಗ್‌ನಲ್ಲಿ (ಸುತ್ತಿದ ತಂತಿಯಲ್ಲಿ) ಆಗೋದು, ಇದು ಕರೆಂಟಿನ ವರ್ಗಕ್ಕೆ (ಸ್ಕ್ವೇರ್‌ಗೆ) ತಕ್ಕಂತೆ ಏರುತ್ತೆ, ಲೋಡ್ ಅರ್ಧ ಆದ್ರೆ ಈ ನಷ್ಟ ಕಾಲು ಭಾಗಕ್ಕೆ ಇಳಿಯುತ್ತೆ.

11 ಕೆವಿ ಆಯಿಲ್ ಟಿಸಿಗೆ ಐಎಸ್ 1180 ಪ್ರಕಾರ ಐಎಸ್‌ಐ ಗುರುತು ಇರ್ಬೇಕು, ಬಿಇಇ (ಕೇಂದ್ರದ ಇಂಧನ ದಕ್ಷತೆ ಸಂಸ್ಥೆ) ಸ್ಟಾರ್ ಲೇಬಲ್ಲೂ ಇರ್ಬೇಕು. 100 ಕೆವಿಎಗೆ ಆ ಸ್ಟ್ಯಾಂಡರ್ಡ್‌ನ ಲೆವೆಲ್ 2 ಮಿತಿ ಅಂದ್ರೆ ಅರ್ಧ ಲೋಡಲ್ಲಿ ಒಟ್ಟು ನಷ್ಟ 475 ವ್ಯಾಟ್, ಫುಲ್ ಲೋಡಲ್ಲಿ 1650 ವ್ಯಾಟ್. ಆದ್ರೆ ಇದು ನೋ-ಲೋಡ್, ಲೋಡ್ ಲಾಸ್ ಎರಡೂ ಕೂಡಿಸಿದ ಲೆಕ್ಕ. ನೀವು ಕೊಟೇಶನ್ ಕೇಳುವಾಗ್ಲೇ ನೋ-ಲೋಡ್ ಎಷ್ಟು, ಲೋಡ್ ಲಾಸ್ ಎಷ್ಟು ಬೇರೆ ಬೇರೆ ಬರೆದುಕೊಡಿ ಅಂತ ಕೇಳಿ, ಕೊಡಲ್ಲ ಅಂದ್ರೆ ಬೇರೆ ಕಡೆ ಹೋಗಿ.

ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. ನಿಮ್ಮ ಮುಂದೆ ಎರಡು 100 ಕೆವಿಎ ಟಿಸಿ ಇದೆ ಅಂದ್ಕೊಳ್ಳಿ. ಮೊದಲನೇದು ಮಾಮೂಲಿ ಸಿಆರ್‌ಜಿಒ (ಒಂದು ಥರದ ಸಿಲಿಕಾನ್ ಉಕ್ಕು) ಕೋರ್, ನೋ-ಲೋಡ್ 150, ಲೋಡ್ ಲಾಸ್ 1300 ವ್ಯಾಟ್. ಎರಡನೇದು ಅಮಾರ್ಫಸ್ ಕೋರ್ (ಅದೇನು ಅಂತ ಕೆಳಗಿದೆ), 60 ಮತ್ತು 1500. ಎರಡೂ ಲೆವೆಲ್ 2 ಮಿತಿ ಒಳಗೇ ಬರುತ್ತೆ. ಫುಲ್ ಲೋಡ್ ನೋಡಿದ್ರೆ ಮೊದಲನೇದೇ ವಾಸಿ, 1450ಕ್ಕೆ 1560. ಆದ್ರೆ ನಿಮ್ಮ ಮಿಲ್ ದಿನಕ್ಕೆ 8 ಗಂಟೆ 80 ಪರ್ಸೆಂಟ್ ಲೋಡಲ್ಲಿ ಓಡಿ ಉಳಿದ 16 ಗಂಟೆ ಖಾಲಿ ಇದ್ರೆ, ಮೊದಲನೇದು ದಿನಕ್ಕೆ ಸುಮಾರು 10.3 ಯೂನಿಟ್ ತಿನ್ನುತ್ತೆ, ಎರಡನೇದು 9.1. ಅಷ್ಟು ಭಾರದ ಲೋಡ್ ಇದ್ರೂ ಗೆಲ್ಲೋದು ಅಮಾರ್ಫಸ್ಸೇ, ಯಾಕಂದ್ರೆ ರಾತ್ರಿಯ ಆ 16 ಗಂಟೆ ಅದರ ಕಡೆಗಿದೆ. ಅದೇ 80 ಪರ್ಸೆಂಟ್ ಲೋಡು 24 ಗಂಟೆನೂ ಇದ್ರೆ ಲೆಕ್ಕ ಉಲ್ಟಾ, 23.6ಕ್ಕೆ 24.5, ಆಗ ಮೊದಲನೇದೇ ತಗೊಳ್ಳಿ. ಹೀಗೆ 24 ಗಂಟೆನೂ ಒಂದೇ ಲೋಡ್ ಇದ್ರೆ ಈ ಎರಡು ಟಿಸಿ ಸಮ ಆಗೋದು ಸುಮಾರು 67 ಪರ್ಸೆಂಟ್ ಲೋಡಲ್ಲಿ. ಕಲ್ಯಾಣ ಮಂಟಪದ ಥರ ವಾರಗಟ್ಟಲೆ ಖಾಲಿ ಇರೋ ಕಡೆ ನೋ-ಲೋಡ್‌ನ ಆ 90 ವ್ಯಾಟ್ ವ್ಯತ್ಯಾಸವೇ ವರ್ಷಕ್ಕೆ 788 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದ್ರೆ 5,500 ರೂಪಾಯಿ. ಟಿಸಿ ರೇಟ್‌ನಲ್ಲಿರೋ ವ್ಯತ್ಯಾಸವನ್ನ ಇದ್ರ ಪಕ್ಕ ಇಟ್ಟು ನೋಡಿ, ಎಷ್ಟು ವರ್ಷಕ್ಕೆ ವಾಪಸ್ ಬರುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಅಮಾರ್ಫಸ್ ಅಂದ್ರೆ ಕಾಗದಕ್ಕಿಂತ ತೆಳ್ಳಗಿರೋ ಲೋಹದ ರಿಬ್ಬನ್ ಸುತ್ತಿ ಮಾಡಿದ ಕೋರ್, ಒಂದು ಪದರ ಸುಮಾರು 0.025 ಮಿಲಿಮೀಟರ್. ಬೇಗ ಮುರಿಯೋ ಸ್ವಭಾವ, ಲಾರಿಯಿಂದ ಇಳಿಸುವಾಗ ಎತ್ತಿ ಹಾಕೋದು ಮಾಡ್ಬೇಡಿ, ಕ್ರೇನ್ ಇಟ್ಟೇ ಇಳಿಸಿ. ಅಷ್ಟೇ ಕೆವಿಎಗೆ ಗಾತ್ರನೂ ಸ್ವಲ್ಪ ದೊಡ್ಡದಿರುತ್ತೆ, ಪ್ಲಿಂತ್ (ಟಿಸಿ ಕೂರಿಸೋ ಕಟ್ಟೆ) ಅಳತೆ ಮೊದ್ಲೇ ಕೇಳ್ಕೊಳ್ಳಿ.

ಕೆವಿಎ ವಿಷಯಕ್ಕೆ ಬಂದ್ರೆ, ಮುಂದೆ ಬೇಕಾಗ್ಬೋದು ಅಂತ 100 ಸಾಕಾಗೋ ಕಡೆ 250 ಹಾಕಿಸ್ಬೇಡಿ, ದೊಡ್ಡ ಕೋರ್‌ಗೆ ನೋ-ಲೋಡ್ ಲಾಸೂ ದೊಡ್ಡದು. ಈಗಾಗ್ಲೇ ಎಚ್‌ಟಿ ಇದ್ದು ಟಿಸಿ ಬದಲಾಯಿಸೋರಾದ್ರೆ ಒಂದು ವರ್ಷದ ಬಿಲ್ ತೆಗೆದು ಮ್ಯಾಕ್ಸಿಮಮ್ ಡಿಮ್ಯಾಂಡ್ ನೋಡಿ, ಮೀಟರ್‌ನಿಂದ ಗಂಟೆವಾರು ಲೋಡ್ ಸರ್ವೇ ಸಿಕ್ಕಿದ್ರೆ ಇನ್ನೂ ಚೆನ್ನ.

ಹಾಕಿಸುವಾಗ ಟಿಸಿನ ಲೋಡ್ ಹತ್ರನೇ ಕೂರಿಸಿ. 100 ಕೆವಿಎಯಲ್ಲಿ 11 ಕೆವಿ ಕಡೆ ಬರೀ 5 ಆಂಪ್ ಚಿಲ್ಲರೆ, 433 ವೋಲ್ಟ್ ಕಡೆ 133 ಆಂಪ್. ಎಲ್‌ಟಿ (ಲೋ ಟೆನ್ಶನ್, ಅಂದ್ರೆ ಈ 433 ವೋಲ್ಟ್ ಕಡೆಯ) ಕೇಬಲ್ ಉದ್ದ ಎಳೆದ್ರೆ ಟಿಸಿಯಲ್ಲಿ ಉಳಿಸಿದ್ದು ಕೇಬಲ್‌ನಲ್ಲಿ ಹೋಗುತ್ತೆ. ಅಲ್ಯೂಮಿನಿಯಂ ಕೇಬಲ್ ಆದ್ರೆ ತುದಿಗೆ ಬೈಮೆಟಲ್ ಲಗ್ (ತಾಮ್ರ-ಅಲ್ಯೂಮಿನಿಯಂ ಎರಡೂ ಇರೋ ಜೋಡಣೆ ತುಂಡು) ಹಾಕ್ಸಿ. ಮೂರು ಫೇಸ್‌ಗೂ ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಆಂಪ್ ಅಳೆಯೋ ಮೀಟರ್) ಹಿಡಿಸಿ ಲೋಡ್ ಸಮ ಮಾಡ್ಸಿ. ಮೋಟಾರ್ ಜಾಸ್ತಿ ಇರೋ ಕಡೆ ಎಲ್‌ಟಿ ಪ್ಯಾನೆಲ್‌ಗೆ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರ್‌ನ (ಎಳೆಯೋ ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಬರೋ ಪಾಲು) 0.8ರಿಂದ 0.95ಕ್ಕೆ ತಂದ್ರೆ ಟಿಸಿಯ ಲೋಡ್ ಲಾಸ್ ಸುಮಾರು 29 ಪರ್ಸೆಂಟ್ ಇಳಿಯುತ್ತೆ, ಇಷ್ಟು ಕಡಿಮೆ ಖರ್ಚಲ್ಲಿ ಇಷ್ಟು ಲಾಭ ಬೇರೆ ಯಾವ್ದ್ರಲ್ಲೂ ಸಿಗಲ್ಲ ಅನ್ನೋದು ನನ್ನ ಅಭಿಪ್ರಾಯ. ಎಚ್‌ಟಿ ಕೆಲಸ ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಕೈಯಲ್ಲೇ ಮಾಡಿಸ್ಬೇಕು, ನೀವೇ ಮುಟ್ಟೋ ಜಾಗ ಅಲ್ಲ ಅದು.

ಬ್ರೀದರ್‌ನ (ಟಿಸಿ ಒಳಗೆ ಹೋಗೋ ಗಾಳಿಯ ತೇವ ಹೀರೋ ಡಬ್ಬಿ) ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ್ರೆ ತೇವ ಎಳ್ಕೊಂಡಿದೆ ಅಂತ, ಮಳೆಗಾಲಕ್ಕೆ ಮುಂಚೆ ಬದಲಾಯಿಸಿ. ಸೀಸನ್ ಮುಗಿದು ತಿಂಗಳುಗಟ್ಟಲೆ ಟಿಸಿ ಆಫ್ ಮಾಡಿಟ್ರೆ ಉಳಿತಾಯ ಹೌದು, ಆದ್ರೆ ವಾಪಸ್ ಚಾರ್ಜ್ ಮಾಡೋ ಮುಂಚೆ ಮೆಗ್ಗರ್ (ಇನ್ಸುಲೇಶನ್ ಪರೀಕ್ಷೆ ಮಾಡೋ ಮೀಟರ್) ಹಾಕ್ಸಿ, ಆಯಿಲ್ ಟೆಸ್ಟ್ ಮಾಡ್ಸಿ.

ಕೊನೇದಾಗಿ ರಿಪೇರಿ. ಸುಟ್ಟೋದ ಟಿಸಿನ ರೀವೈಂಡ್ ಮಾಡಿಸಿದಾಗ ವೋಲ್ಟೇಜ್ ಸರಿ ಬಂತು ಅಂತ ದುಡ್ಡು ಕೊಟ್ಟು ಬರ್ಬೇಡಿ. ತೆಳು ತಂತಿ ಸುತ್ತಿದ್ರೆ, ಕೋರ್ ಪಟ್ಟಿ ಸರಿಯಾಗಿ ಜೋಡಿಸದಿದ್ರೆ ವೋಲ್ಟೇಜ್ ಬರುತ್ತೆ, ನಷ್ಟನೂ ಏರಿರುತ್ತೆ. ಎಲ್‌ಟಿ ಕಡೆ 433 ವೋಲ್ಟ್ ಕೊಟ್ಟು ಎಚ್‌ಟಿ ಓಪನ್ ಬಿಟ್ಟು ಎಷ್ಟು ವ್ಯಾಟ್ ಎಳೀತು ಅಂತ ನಿಮ್ಮ ಎದುರಿಗೇ ತೋರಿಸೋಕೆ ಹೇಳಿ, ಆಮೇಲೆ ಎಲ್‌ಟಿ ಶಾರ್ಟ್ ಮಾಡಿ ಎಚ್‌ಟಿ ಕಡೆಯಿಂದ ಫುಲ್ ಕರೆಂಟ್ ಹರಿಸಿ ಲೋಡ್ ಲಾಸ್ ನೋಡ್ಲಿ. ಎರಡನ್ನೂ ಹೊಸದಿದ್ದಾಗಿನ ಟೆಸ್ಟ್ ರಿಪೋರ್ಟ್ ಜೊತೆ ಹೋಲಿಸಿ, ಅದಕ್ಕೇ ಆ ರಿಪೋರ್ಟ್‌ನ ಲ್ಯಾಮಿನೇಟ್ ಮಾಡ್ಸಿ ಪ್ಯಾನೆಲ್ ರೂಮಲ್ಲಿ ಇಟ್ಕೊಂಡಿರಿ.